ಕಾಲ್ನಡಿಗೆಯೋ ಕಯಾಕೋ: ಪೊಟೊಮ್ಯಾಕ್ ಸೀಮೆಯಲ್ಲಿ ಸ್ಮಾಲ್‌ಮೌತ್ ಬಾಸ್‌ಗೆ ಜಾಗ ಹುಡುಕುವವರಿಗೆ

ಅಮೆರಿಕದ ವಾಷಿಂಗ್ಟನ್ ಬಳಿಯ ಆಶ್‌ಬರ್ನ್, ಹರ್ಂಡನ್, ಜರ್ಮನ್‌ಟೌನ್ ಕಡೆ ನೆಲೆಸಿ, ಸ್ಮಾಲ್‌ಮೌತ್ ಬಾಸ್ ಎಂಬ ಹೊಳೆಮೀನಿಗೆ ಹೊಸದಾಗಿ ಗಾಳ ಹಿಡಿದ ಕನ್ನಡಿಗರು ಮೊದಲು ಕೇಳುವುದು ಒಂದೇ ಪ್ರಶ್ನೆ: ಕಯಾಕ್, ಅಂದರೆ ಒಬ್ಬರೇ ಹುಟ್ಟು ಹಾಕುವ ಕಿರುದೋಣಿ ಕೊಳ್ಳಲೇ, ಅಥವಾ ನೀರಿಗಿಳಿದು ನಡೆದರೆ ಸಾಕೇ? ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನೋಡಬೇಕಾದ್ದು ಹೊಳೆಯಲ್ಲಿ ಇವತ್ತು ನೀರು ಎಷ್ಟಿದೆ ಎಂಬುದನ್ನು. ಅದು ಗೊತ್ತಾದ ಮೇಲೆ ಯಾವ ಹೊಳೆ, ಅದರಲ್ಲಿ ಯಾವ ತುಂಡು ಎಂದು ಆರಿಸಬೇಕು. ಅಷ್ಟಾದರೆ ಕಾಲೋ ಕಯಾಕೋ ಎಂಬುದು ಬಹುಪಾಲು ತಾನೇ ತೀರ್ಮಾನವಾಗಿರುತ್ತದೆ. ನಡೆದು ಹಾಯಲು ಒಳ್ಳೆಯದಾದ ಜಾಗ ಕಯಾಕಿಗೆ ಸಾಮಾನ್ಯವಾಗಿ ಕೆಟ್ಟದ್ದು, ಕಯಾಕಿಗೆ ಒಳ್ಳೆಯದಾದದ್ದು ಕಾಲಿಗೆ ಕೆಟ್ಟದ್ದು. ಎರಡೂ ಒಂದೇ ನೀರಿಗೆ ಪೈಪೋಟಿ ನಡೆಸುವುದಿಲ್ಲ.

ಇಲ್ಲಿ ಹೋಲಿಸಿರುವುದು ವಾಷಿಂಗ್ಟನ್ ಸುತ್ತಲಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ಹೊಳೆಗಳನ್ನು: ಪೊಟೊಮ್ಯಾಕ್, ಶೆನಂಡೋವಾ, ಸಸ್ಕ್ವೆಹಾನಾ ಮತ್ತು ಜುನಿಯಾಟಾ. ಜೇಮ್ಸ್ ಮತ್ತು ನ್ಯೂ ನದಿಗಳ ಮಾತು ಕೊನೆಯಲ್ಲಿ, ಚುಟುಕಾಗಿ. ಅಂದಹಾಗೆ ಸ್ಮಾಲ್‌ಮೌತ್ ಪೊಟೊಮ್ಯಾಕ್‌ನ ಮೂಲ ಮೀನಲ್ಲ. ಒಹಾಯೊ ನದಿಯ ಸೀಮೆಯಿಂದ ರೈಲು ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ತಂದು 1854ರಲ್ಲಿ ಕಂಬರ್ಲೆಂಡಿನ ಹತ್ತಿರ ಬಿಟ್ಟ ಮೀನಿದು. ಹೊರಗಿನಿಂದ ಬಂದು ಬೇರೂರಿದ್ದು.

ಮೊದಲು ಕ್ಯೂಸೆಕ್

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಯುಎಸ್‌ಜಿಎಸ್, ಈ ಹೊಳೆಗಳ ಮೇಲೆಲ್ಲ ಅಳತೆ ಕೇಂದ್ರಗಳನ್ನು ಇಟ್ಟಿದೆ. ನೀರಿನ ಎತ್ತರ ಅಡಿಗಳಲ್ಲಿ, ಹರಿವು ಸೆಕೆಂಡಿಗೆ ಘನ ಅಡಿಗಳಲ್ಲಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕೆಆರ್‌ಎಸ್ ಒಳಹರಿವಿನ ಸುದ್ದಿ ಓದಿ ಬೆಳೆದವರಿಗೆ ಇದು ಹೊಸದಲ್ಲ, ಅದೇ ಕ್ಯೂಸೆಕ್. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್.

ನೆನಪಿಡಬೇಕಾದ್ದು: ಅದೇ ಅಂಕಿಗೆ ಬೇರೆ ಬೇರೆ ಹೊಳೆಯಲ್ಲಿ ಬೇರೆ ಬೇರೆ ಅರ್ಥ. 3,000 ಕ್ಯೂಸೆಕ್ ಎಂದರೆ ಹ್ಯಾರಿಸ್‌ಬರ್ಗಿನ ಸಸ್ಕ್ವೆಹಾನಾದಲ್ಲಿ ಬರಗಾಲ, ಬಂಡೆಗಳೆಲ್ಲ ಹೊರಬಿದ್ದಿರುತ್ತವೆ. ಅಷ್ಟೇ ನೀರು ಫ್ರಂಟ್ ರಾಯಲ್ ಬಳಿಯ ಶೆನಂಡೋವಾ ದಕ್ಷಿಣ ಕವಲಿನಲ್ಲಿದ್ದರೆ ಕಾಲಿಡುವ ಮಾತೇ ಇಲ್ಲ. ಆದ್ದರಿಂದ ಬರೀ ಅಂಕಿಯನ್ನು ನೋಡಬೇಡಿ, ಆ ದಿನದ ಮಧ್ಯಕ ಹರಿವಿನೊಂದಿಗೆ, ಅಂದರೆ ಹಿಂದಿನ ವರ್ಷಗಳಲ್ಲಿ ಅದೇ ತಾರೀಕಿಗೆ ಇದ್ದ ಹರಿವುಗಳ ನಡುವಿನ ಅಂಕಿಯೊಂದಿಗೆ ಹೋಲಿಸಿ. ಯುಎಸ್‌ಜಿಎಸ್ ನಕ್ಷೆಯಲ್ಲಿ ಅದೂ ಕಾಣುತ್ತದೆ. ಬೇಸಿಗೆಯಲ್ಲಿ ಮಧ್ಯಕದ ಆಸುಪಾಸು ಅಥವಾ ಕೆಳಗಿದ್ದರೆ ನಡೆಯುವ ನೀರು. ಅದಕ್ಕಿಂತ ಅರ್ಧಪಟ್ಟು ಹೆಚ್ಚಿದ್ದು ನೀರು ತಿಳಿಯಾಗಿದ್ದರೆ ಕಯಾಕಿನ ದಿನ. ಎರಡು ಪಟ್ಟು ದಾಟಿ ಕೆಂಪಗೆ ಹರಿಯುತ್ತಿದ್ದರೆ ಮನೆಯಲ್ಲಿರುವುದೇ ಲೇಸು.

ಆ ನಕ್ಷೆಯಲ್ಲಿ ಹರಿವಿನ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೂ ಅಷ್ಟೇ ಮುಖ್ಯ. ಇಳಿಯುತ್ತಿರುವ ನೀರಿನಲ್ಲಿ ಮೀನು ಕಚ್ಚುತ್ತದೆ, ನಿಮ್ಮ ಲೆಕ್ಕವೂ ಸುರಕ್ಷಿತ. ಏರುತ್ತಿರುವ ನೀರಿನಲ್ಲಿ ಬೆಳಿಗ್ಗೆ ಮೊಣಕಾಲುದ್ದ ಹಾಯ್ದು ಹೋದ ನಡುಗಡ್ಡೆಯಿಂದ ಮಧ್ಯಾಹ್ನ ವಾಪಸು ಬರಲಾಗುವುದಿಲ್ಲ. ನೀವು ನಿಲ್ಲುವ ಜಾಗಕ್ಕಿಂತ ಮೇಲಿನ ಕೇಂದ್ರವನ್ನೂ ನೋಡುವ ರೂಢಿ ಇರಲಿ. ಶೆನಂಡೋವಾದ ಮಿಲ್‌ವಿಲ್ ಕೇಂದ್ರ ಏರಲು ಶುರುವಾದರೆ ಅದರ ಹಿಂದೆಯೇ ಬ್ರನ್ಸ್‌ವಿಕ್‌ನಲ್ಲೂ ನೀರು ಏರುತ್ತದೆ.

ಮಳೆ ಬಂದ ಮೇಲೆ ಮೊದಲು ತಿಳಿಯಾಗುವುದು ಚಿಕ್ಕ ಹೊಳೆ, ಕೊನೆಗೆ ದೊಡ್ಡದು. ಪೊಟೊಮ್ಯಾಕ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಾರ್ಪರ್ಸ್ ಫೆರಿಯಲ್ಲಿ ಸೇರುವ ಶೆನಂಡೋವಾದ ಕೆಸರು ಬೇಗ ಬೆರೆಯದೆ ವರ್ಜೀನಿಯಾ ದಡ ಹಿಡಿದೇ ಹರಿಯುತ್ತದೆ, ಎದುರಿನ ಮೇರಿಲೆಂಡ್ ದಡದಲ್ಲಿ ನೀರು ಹಸಿರಾಗಿ ತಿಳಿಯಾಗಿರಬಹುದು. ಕೆಳಗೆ ಮೊನೊಕಸಿ ಸೇರಿದ ಮೇಲೆ ಇದು ಉಲ್ಟಾ. ಒಂದು ದಡ ನೋಡಿ ಇಡೀ ಹೊಳೆ ಕೆಟ್ಟಿದೆ ಎಂದು ವಾಪಸಾಗುವವರು ಎದುರು ದಡದ ಒಳ್ಳೆಯ ನೀರನ್ನು ಬಿಟ್ಟುಹೋಗುತ್ತಾರೆ.

ಮೀನು ಎಲ್ಲಿರುತ್ತದೆ, ನಕ್ಷೆಯಲ್ಲಿ ಅದು ಹೇಗೆ ಕಾಣುತ್ತದೆ

ಸ್ಮಾಲ್‌ಮೌತ್ ಸೆಳವನ್ನು ಇಷ್ಟಪಡುತ್ತದೆ, ಆದರೆ ಸೆಳವಿನಲ್ಲೇ ನಿಂತು ದಣಿಯುವುದಿಲ್ಲ. ವೇಗದ ನೀರೂ ನಿಧಾನದ ನೀರೂ ಉಜ್ಜಿಕೊಂಡು ಹರಿಯುವ ಅಂಚಿನಲ್ಲಿ, ನಿಧಾನದ ಕಡೆ ನಿಂತು, ಎದುರಿನಿಂದ ತೇಲಿಬರುವ ಆಹಾರ ಕಾಯುತ್ತದೆ. ಅದರ ಮುಖ್ಯ ಊಟ ಕ್ರೇಫಿಷ್ ಎಂಬ ಸಿಗಡಿಯಂಥ ಪ್ರಾಣಿ, ಸಣ್ಣ ಮೀನು, ಕಲ್ಲಿನಡಿಯ ಹೆಲ್‌ಗ್ರಮೈಟ್ ಹುಳು. ಇವೆಲ್ಲ ಬದುಕುವುದು ಕಲ್ಲುನೆಲದಲ್ಲಿ. ಹೂಳು ತುಂಬಿದ, ಅಲುಗಾಡದ ನೀರಿನಲ್ಲಿ ಸ್ಮಾಲ್‌ಮೌತ್ ಹುಡುಕುವುದು ವ್ಯರ್ಥ.

ಈ ಸೀಮೆಯ ಹೊಳೆಗಳ ಸ್ವರೂಪ ಹೀಗೆ: ಕಲ್ಲುಗಳ ಮೇಲೆ ಸದ್ದು ಮಾಡುತ್ತ ಹರಿಯುವ ತೆಳುನೀರು, ಇದನ್ನು ಇಲ್ಲಿ ರಿಫಲ್ ಎನ್ನುತ್ತಾರೆ. ಅದರ ಕೆಳಗೆ ಸೊಂಟದುದ್ದದ ಓಡುನೀರು, ಆಮೇಲೆ ಮಡು, ಮತ್ತೆ ರಿಫಲ್. ಇವುಗಳ ನಡುವೆ ಹೊಳೆಗೆ ಅಡ್ಡಲಾಗಿ ಅಥವಾ ಓರೆಯಾಗಿ ಹಾಸಿದ ಬಂಡೆಸಾಲುಗಳು, ಅಂದರೆ ಲೆಡ್ಜ್‌ಗಳು. ಬಂಡೆಸಾಲಿನ ಕೆಳಬದಿಯಲ್ಲಿ ಮೂರರಿಂದ ಐದು ಅಡಿ ಆಳದ ಕೊರಕಲು ಇರುತ್ತದೆ. ಬೇಸಿಗೆಯ ಮೀನಿನ ವಿಳಾಸ ಅದೇ.

ಉಪಗ್ರಹ ಚಿತ್ರದಲ್ಲಿ ಇವೆಲ್ಲ ಕಾಣುತ್ತವೆ, ಆದರೆ ಚಿತ್ರ ನೀರು ಕಡಿಮೆಯಿದ್ದ ದಿನದ್ದಾಗಿರಬೇಕು. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳಿಗೆ ಹಿಂದೆ ಸರಿಯುವ ಸೌಲಭ್ಯವಿದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಚಿತ್ರಗಳನ್ನೇ ಹುಡುಕಿ. ಬಿಳಿ ನೊರೆ ಕಂಡಲ್ಲಿ ರಿಫಲ್, ಕಡುಹಸಿರು ಅಥವಾ ಕಪ್ಪು ಕಂಡಲ್ಲಿ ಮಡು, ಹೊಳೆಯ ಅಡ್ಡಕ್ಕೆ ಗೀರು ಎಳೆದಂತೆ ಕಂಡರೆ ಬಂಡೆಸಾಲು. ಕೆಲವೆಡೆ ಇಂಗ್ಲಿಷ್ ವಿ ಅಕ್ಷರದ ಆಕಾರದಲ್ಲಿ ಜೋಡಿಸಿದ ಕಲ್ಲಿನ ಸಾಲು ಕಾಣುತ್ತದೆ. ಹಿಂದೆ ಮೀನು ಹಿಡಿಯಲು ಕಟ್ಟಿದ ಒಡ್ಡುಗಳವು, ತುದಿ ಕೆಳಹರಿವಿನ ಕಡೆ ಇರುತ್ತದೆ. ಕಟ್ಟಿದವರು ಹೋಗಿ ಕಾಲವಾದರೂ ಆ ತುದಿಯ ಕೆಳಗೆ ಮೀನು ಈಗಲೂ ನಿಲ್ಲುತ್ತದೆ.

ನಕ್ಷೆಯಲ್ಲಿ ಒಂದು ತುಂಡು ಆರಿಸಿಕೊಂಡು ಮೈಲಿಗೆ ಎಷ್ಟು ರಿಫಲ್ ಎಂದು ಎಣಿಸಿ. ದೋಣಿ ಇಳಿಸುವ ರ‍್ಯಾಂಪಿನಿಂದ ಅರ್ಧ ಮೈಲಿಯೊಳಗೆ ಎರಡು ಮೂರು ರಿಫಲ್, ಬಂಡೆಸಾಲು ಇದ್ದರೆ ಕಾಲಿಗೆ ಒಳ್ಳೆಯ ಜಾಗ. ರ‍್ಯಾಂಪಿನ ಸುತ್ತ ಬರೀ ಮಡು ಇದ್ದು, ಒಳ್ಳೆಯ ನೀರೆಲ್ಲ ಎರಡು ರ‍್ಯಾಂಪುಗಳ ನಡುವೆ, ರಸ್ತೆಯಿಲ್ಲದ ಕಡೆ ಇದ್ದರೆ ಅದು ಕಯಾಕಿನ ತುಂಡು. ಅಣೆಕಟ್ಟಿನ ಹಿನ್ನೀರು ಎರಡಕ್ಕೂ ಅಲ್ಲ. ದಿನವಿಡೀ ಹುಟ್ಟು ಹಾಕಿ ತೋಳು ನೋಯುತ್ತದೆ, ಅಷ್ಟೇ.

ನಡೆದು ಹಾಯುವುದು: ಯಾವಾಗ ಮೇಲು, ಎಲ್ಲಿ ಸೋಲು

ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ, ನೀರು ಇಳಿದಿರುವಾಗ, ನಡೆಯುವವರಿಗೇ ಹೆಚ್ಚು ಮೀನು. ಕಯಾಕಿನಲ್ಲಿರುವವರು ಒಂದು ಬಂಡೆಸಾಲಿಗೆ ಎರಡೋ ಮೂರೋ ಎಸೆತ ಎಸೆಯುವಷ್ಟರಲ್ಲಿ ಸೆಳವು ಅವರನ್ನು ದಾಟಿಸಿಬಿಡುತ್ತದೆ. ನಿಂತವರು ಅದೇ ಬಂಡೆಸಾಲಿನ ಒಂದೊಂದು ಕಂಡಿಗೂ ಹತ್ತು ಕೋನದಿಂದ ಎಸೆಯುತ್ತಾರೆ. ಮೂರು ಗಂಟೆಯಲ್ಲಿ ಅರ್ಧ ಮೈಲಿ ಕ್ರಮಿಸಿದರೆ ಅದೇ ಸರಿಯಾದ ವೇಗ. ಬೇಗ ನಡೆಯುವವರು ಮೀನಿನ ಮೇಲೇ ನಡೆಯುತ್ತಿರುತ್ತಾರೆ.

ಯಾವಾಗಲೂ ಮೇಲ್ಮುಖವಾಗಿ, ಸೆಳವಿಗೆ ಎದುರಾಗಿ ಸಾಗಿ. ಮೀನು ಸೆಳವಿನ ಕಡೆ ಮುಖ ಮಾಡಿರುತ್ತದೆ, ನೀವು ಅದರ ಬೆನ್ನ ಹಿಂದಿರುತ್ತೀರಿ. ಕಾಲಿನಿಂದ ಏಳುವ ಕೆಸರು ಹಿಂದಕ್ಕೆ ಹೋಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆಯದು: ಸೆಳವಿನ ಜೊತೆ ಕೆಳಕ್ಕೆ ಸುಲಭವಾಗಿ ಇಳಿದವರಿಗೆ ವಾಪಸು ಹತ್ತಲಾಗುವುದಿಲ್ಲ.

ಎಷ್ಟು ಸೆಳವಿನಲ್ಲಿ ನಿಲ್ಲಬಹುದು ಎಂಬುದಕ್ಕೆ ಯುಎಸ್‌ಜಿಎಸ್‌ನ ಹೊಳೆ ಅಳೆಯುವ ಸಿಬ್ಬಂದಿಯೇ ಬಳಸುವ ಸೂತ್ರವಿದೆ. ಆಳ ಅಡಿಗಳಲ್ಲಿ, ವೇಗ ಸೆಕೆಂಡಿಗೆ ಅಡಿಗಳಲ್ಲಿ. ಎರಡನ್ನೂ ಗುಣಿಸಿದಾಗ 10 ಅಥವಾ ಹೆಚ್ಚು ಬಂದರೆ ಇಳಿಯಬಾರದು. ವೇಗ ಅಳೆಯುವುದು ಸುಲಭ. ನೀರಿಗೊಂದು ಕಡ್ಡಿ ಬಿಟ್ಟು ಹತ್ತು ಅಡಿ ಸಾಗಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ನಾಲ್ಕು ಸೆಕೆಂಡ್ ಹಿಡಿದರೆ ವೇಗ 2.5, ಮೂರು ಅಡಿ ಆಳದಲ್ಲಿ ಗುಣಲಬ್ಧ 7.5. ಅದೇ ಕಡ್ಡಿ ಮೂರು ಸೆಕೆಂಡಿನಲ್ಲಿ ಹೋದರೆ 3.3, ಗುಣಿಸಿದಾಗ 10ಕ್ಕೆ ಮುಟ್ಟಿತು. ಈ ಸೂತ್ರ ತರಬೇತಿ ಪಡೆದವರಿಗೆ ಹೇಳಿದ್ದು. ಪಾಚಿ ಹಿಡಿದ ಉರುಟು ಕಲ್ಲಿನ ಮೇಲೆ, ಈಜು ಅಷ್ಟಕ್ಕಷ್ಟೇ ಎನ್ನುವವರು 6ಕ್ಕೇ ನಿಲ್ಲಿಸಿಕೊಳ್ಳುವುದು ಕ್ಷೇಮ.

ಬೀಳುವುದು ಬಹುತೇಕ ಪಾಚಿಯಿಂದ. ರಬ್ಬರ್ ತಳದ, ಮೊಳೆ ಹಾಕಿದ ವೇಡಿಂಗ್ ಬೂಟು ಕೊಳ್ಳಿ. ಉಣ್ಣೆಯಂಥ ಫೆಲ್ಟ್ ತಳದ ಬೂಟು ಹಿಡಿತ ಚೆನ್ನಾಗಿ ಕೊಟ್ಟರೂ ಮೇರಿಲೆಂಡಿನಲ್ಲಿ 2011ರಿಂದ ನಿಷಿದ್ಧ, ಒಂದು ಹೊಳೆಯ ಪಾಚಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ ಎಂದು. ಬೇಸಿಗೆಯಲ್ಲಿ ರಬ್ಬರ್ ವೇಡರ್, ಅಂದರೆ ನೀರು ಒಳಬಿಡದ ಎದೆಯುದ್ದದ ಉಡುಪು, ಬೇಡವೇ ಬೇಡ. ಬೇಗ ಒಣಗುವ ಪ್ಯಾಂಟು, ನಿಯೋಪ್ರೀನ್ ಕಾಲುಚೀಲ, ಬೂಟು ಸಾಕು. ಕೈಯಲ್ಲೊಂದು ಊರುಗೋಲು, ಅದನ್ನು ಮೇಲ್ಸೆಳವಿನ ಕಡೆ ಊರಿ, ಅದು ನೆಲೆ ನಿಂತ ಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಕಾಲು ಅಡ್ಡ ದಾಟಿಸಬೇಡಿ.

ಬಿದ್ದರೆ ಎದ್ದು ನಿಲ್ಲುವ ಆತುರ ಬೇಡ. ಓಡುನೀರಿನಲ್ಲಿ ನಿಲ್ಲಲು ಹೋದಾಗ ಪಾದ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡರೆ ಸೆಳವು ಮೇಲಿನ ದೇಹವನ್ನು ಮುಂದಕ್ಕೆ ಮಡಿಸಿ ಮುಳುಗಿಸುತ್ತದೆ. ತೊಡೆಯುದ್ದದ ನೀರಿನಲ್ಲಿ ಈಜುಗಾರರೂ ಸಾಯುವುದು ಹೀಗೆ. ಬೆನ್ನ ಮೇಲೆ ಮಲಗಿ, ಪಾದಗಳನ್ನು ಮುಂದಕ್ಕೆ, ನೀರಿನ ಮಟ್ಟಕ್ಕೆ ಎತ್ತಿಕೊಂಡು, ನಿಧಾನದ ನೀರು ಸಿಗುವವರೆಗೆ ತೇಲಿ. ಕೋಲು ಹೋದರೆ ಹೋಗಲಿ.

ಕಾಲಿನ ಮಿತಿಯೂ ಸ್ಪಷ್ಟ. ರ‍್ಯಾಂಪಿನ ಹತ್ತಿರದ ನೀರಿಗೆ ಎಲ್ಲರೂ ಬರುತ್ತಾರೆ. ಶನಿವಾರ ಒಂಬತ್ತು ಗಂಟೆಗೆ ಹೋದರೆ ಮೊದಲ ಬಂಡೆಸಾಲನ್ನು ನಾಲ್ಕು ಜನ ಆಗಲೇ ಕಲಕಿರುತ್ತಾರೆ. ಮೊದಲ ಕಾಲು ಮೈಲಿ ಬಿಟ್ಟು ಮುಂದೆ ಹೋಗಿ ಶುರುಮಾಡಿ.

ಕಾನೂನಿನ ತೊಡಕೂ ಒಂದಿದೆ. ವರ್ಜೀನಿಯಾದಲ್ಲಿ ದೋಣಿ ಹೋಗುವ ಹೊಳೆಯ ತಳವೂ ಕೆಲವೆಡೆ ಖಾಸಗಿ ಸ್ವತ್ತು. ಇಂಗ್ಲೆಂಡಿನ ದೊರೆಯ ಕಾಲದ ದಾನಪತ್ರ ತೋರಿಸಿದ ಜ್ಯಾಕ್ಸನ್ ನದಿಯ ಜಮೀನುದಾರರ ಪರವಾಗಿ ಆ ರಾಜ್ಯದ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ಅಂಥ ತುಂಡಿನಲ್ಲಿ ಕಯಾಕ್ ತೇಲಿಸಬಹುದು, ತಳಕ್ಕೆ ಕಾಲೂರಿ ಗಾಳ ಹಾಕುವಂತಿಲ್ಲ. ಶೆನಂಡೋವಾದ ಸಾರ್ವಜನಿಕ ಇಳಿದಾಣಗಳಲ್ಲಿ ಈ ತಕರಾರು ಇಲ್ಲ, ಆದರೆ ದಡದ ಹೊಲಗಳ ಮೇಲೆ ಹತ್ತಬೇಡಿ.

ಕಯಾಕ್: ಯಾವಾಗ ಮೇಲು, ಎಲ್ಲಿ ಸೋಲು

ಕಯಾಕ್ ಗೆಲ್ಲುವ ಕಾಲ ಎರಡು. ಏಪ್ರಿಲ್‌ನಿಂದ ಜೂನ್ ಮೊದಲವರೆಗೆ, ಹೊಳೆ ನಡೆಯಲಾಗದಷ್ಟು ತುಂಬಿರುವಾಗ. ಮತ್ತೆ ಅಕ್ಟೋಬರ್, ನವೆಂಬರ್‌ನಲ್ಲಿ, ನೀರು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದು ಮೀನು ರಿಫಲ್ ಬಿಟ್ಟು ಆಳದ ಮಡುಗಳಿಗೆ ಸರಿಯುವಾಗ. ಮಡುವಿನ ಮೀನು ಕಾಲಿಗೆ ಎಟುಕುವುದಿಲ್ಲ. ಆದರೆ ನೀರು ತಣ್ಣಗಿರುವ ಆ ಕಾಲವೇ ಕಯಾಕ್ ಮಗುಚಿದರೆ ಪ್ರಾಣಕ್ಕೆ ಎರವಾಗುವ ಕಾಲ. ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಕಯಾಕಿನಲ್ಲಿ ಲೈಫ್ ಜಾಕೆಟ್ ಜೊತೆಗಿದ್ದರೆ ಸಾಲದು, ತೊಟ್ಟೇ ಇರಬೇಕೆಂದು ಕಾನೂನಿದೆ. ಬೇರೆ ರಾಜ್ಯದಲ್ಲೂ, ಬೇರೆ ತಿಂಗಳಲ್ಲೂ ತೊಟ್ಟೇ ಇರಿ.

ಮೊಟ್ಟೆಯಿಡುವ ಕಾಲ ಬರುವುದು ನೀರು 60 ಡಿಗ್ರಿಯ ಸುತ್ತ ಬಂದಾಗ. ದಡದ ಬಳಿಯ ಜಲ್ಲಿನೆಲದಲ್ಲಿ ತಟ್ಟೆಯಗಲದ ಬಿಳಿಚಿದ ಗೂಡು ಕಂಡರೆ, ಅದರ ಮೇಲೆ ಕಾವಲಿರುವುದು ಗಂಡುಮೀನು. ಅದನ್ನು ಹಿಡಿದು ಐದು ನಿಮಿಷ ಫೋಟೋ ತೆಗೆಯುವಷ್ಟರಲ್ಲಿ ಬೇರೆ ಮೀನುಗಳು ಮೊಟ್ಟೆ ಮುಗಿಸಿರುತ್ತವೆ. ಗೂಡಿನ ಮೀನನ್ನು ಬಿಟ್ಟುಬಿಡಿ. ಮೇರಿಲೆಂಡಿನ ಸಿಹಿನೀರಿನಲ್ಲಿ ಮಾರ್ಚ್ 1ರಿಂದ ಜೂನ್ 15ರವರೆಗೆ ಬಾಸ್ ಇಟ್ಟುಕೊಳ್ಳುವುದೇ ನಿಷಿದ್ಧ, ಹಿಡಿದರೆ ಆಗಲೇ ಬಿಡಬೇಕು.

ಈ ಹೊಳೆಗಳಿಗೆ 10ರಿಂದ 12 ಅಡಿಯ, ಮೇಲೆ ಕುಳಿತುಕೊಳ್ಳುವ ಮಾದರಿಯ ಪ್ಲಾಸ್ಟಿಕ್ ಕಯಾಕ್ ಸರಿ. ಬಂಡೆಗೆ ಉಜ್ಜಿದರೂ ತಡೆಯುತ್ತದೆ, ಹತ್ತಿ ಇಳಿಯುವುದು ಸಲೀಸು. ಕಾಲಿನಿಂದ ತುಳಿಯುವ ಪೆಡಲ್ ಕಯಾಕ್ ಸರೋವರಕ್ಕೆ ಸೊಗಸು. ಇಲ್ಲಿ ಒಂದು ಅಡಿ ನೀರಿನಲ್ಲಿ ಅದರ ರೆಕ್ಕೆ ಕಲ್ಲಿಗೆ ತಾಗಿ ಮುರಿಯುತ್ತದೆ. ತೂಕ 60–80 ಪೌಂಡ್ ಇರುವುದರಿಂದ ಒಬ್ಬರೇ ಕಾರಿನ ಮೇಲೆ ಏರಿಸಬಲ್ಲಿರಾ ಎಂದು ಅಂಗಡಿಯಲ್ಲೇ ಎತ್ತಿ ನೋಡಿ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರಿಗೆ ಗಾಳಿ ತುಂಬುವ ಕಯಾಕ್ ಒಂದೇ ದಾರಿ. ಗಾಳಿ ಬೀಸಿದರೆ ಅದು ಹಿಡಿತಕ್ಕೆ ಸಿಗುವುದಿಲ್ಲ, ಕಿರಿದಾದ ಶೆನಂಡೋವಾಗೆ ಸರಿ, ಅಗಲದ ಸಸ್ಕ್ವೆಹಾನಾಗೆ ಬೇಡ.

ದೂರದ ಲೆಕ್ಕದಲ್ಲೇ ಹೊಸಬರು ಎಡವುವುದು. ಬೇಸಿಗೆಯ ನೀರಿನಲ್ಲಿ ಗಾಳ ಹಾಕುತ್ತ ತೇಲಿದರೆ ಗಂಟೆಗೆ ಒಂದು ಮೈಲಿಗಿಂತ ಹೆಚ್ಚು ಸಾಗುವುದಿಲ್ಲ. ಆರು ಮೈಲಿ ಎಂದರೆ ಪೂರ್ತಿ ಒಂದು ದಿನ. ನಕ್ಷೆಯಲ್ಲಿ ಹನ್ನೆರಡು ಮೈಲಿ ಆರಿಸಿಕೊಂಡವರು ಕೊನೆಯ ಐದು ಮೈಲಿ ಗಾಳ ಮಡಿಚಿಟ್ಟು, ಕತ್ತಲಾಗುವ ಮುನ್ನ ತಲುಪಲು ಬರೀ ಹುಟ್ಟು ಹಾಕುತ್ತಾರೆ.

ತೇಲಿ ಕೆಳಗೆ ಹೋದವರು ಮೇಲೆ ಬಿಟ್ಟ ಕಾರಿಗೆ ವಾಪಸಾಗಲು ಮೂರು ದಾರಿ. ಎರಡು ಕಾರು, ಬಾಡಿಗೆ ಕಯಾಕ್ ಕೊಡುವವರ ವ್ಯಾನು, ಇದು ಶೆನಂಡೋವಾ ಉದ್ದಕ್ಕೂ ಸಿಗುತ್ತದೆ, ಇಲ್ಲವೇ ಕೊನೆಗೆ ದಡ ಏರುವ ಜಾಗದಲ್ಲಿ ಮೊದಲೇ ಸೈಕಲ್ ಕಟ್ಟಿಟ್ಟು ಬರುವುದು. ಎರಡು ಕಾರಿನವರು ಕೆಳಗಿನ ಕಾರಿನ ಕೀಲಿಯನ್ನು ಮೇಲಿನ ಕಾರಿನಲ್ಲೇ ಬಿಟ್ಟು ತೇಲಿಹೋಗುವುದು ಎಷ್ಟು ಸಾಮಾನ್ಯವೆಂದರೆ, ಕೀಲಿಯನ್ನು ಲೈಫ್ ಜಾಕೆಟ್ಟಿನ ಜೇಬಿಗೆ ಕಟ್ಟುವವರೆಗೆ ನೀರಿಗಿಳಿಯಬಾರದು ಎಂಬ ನಿಯಮವನ್ನೇ ಮಾಡಿಕೊಳ್ಳಬೇಕು. ನಾಲ್ಕನೆಯದೂ ಒಂದಿದೆ, ಕಾರೇ ಬೇಡ: ರ‍್ಯಾಂಪಿನಿಂದ ಮಡುವಿನ ಮೇಲೆ ಹುಟ್ಟು ಹಾಕಿ ಮೇಲಕ್ಕೆ ಹೋಗಿ, ರಿಫಲ್ ಬಂದಲ್ಲಿ ದಡದ ಪಕ್ಕ ಹಗ್ಗ ಹಿಡಿದು ಎಳೆದು, ಒಂದೂವರೆ ಮೈಲಿ ಮೇಲಿನಿಂದ ತೇಲುತ್ತ ವಾಪಸು ಬರುವುದು.

ಸೆಳವಿನಲ್ಲಿ ಲಂಗರು ಹಾಕುವುದು ಅತಿ ಅಪಾಯದ ಕೆಲಸ. ಪಕ್ಕಕ್ಕೆ ಕಟ್ಟಿದ ಲಂಗರು ಕಲ್ಲಿಗೆ ಸಿಕ್ಕಿಕೊಂಡರೆ ಸೆಳವು ಕಯಾಕನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ಬದಲಿಗೆ ಎಳೆಸರಪಳಿ ಬಳಸಿ: ಮೂರು ನಾಲ್ಕು ಅಡಿ ದಪ್ಪ ಸರಪಳಿಗೆ ಹಳೆಯ ಸೈಕಲ್ ಟ್ಯೂಬ್ ತೊಡಿಸಿ, ಹಿಂತುದಿಯ ಮಧ್ಯದಿಂದ ಇಳಿಬಿಡಿ. ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ, ಟ್ಯೂಬಿನಿಂದಾಗಿ ಸದ್ದೂ ಕಡಿಮೆ. ಹಗ್ಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಿಡಿಕೆಯಲ್ಲಿರಲಿ, ಚಾಕು ಎದೆಯ ಮೇಲಿರಲಿ. ಕಯಾಕ್ ಅಡ್ಡಲಾಗಿ ಬಂಡೆಗೆ ಬಡಿದರೆ ಬಂಡೆಯ ಕಡೆಗೇ ವಾಲಬೇಕು. ಹೆದರಿ ಆಚೆ ವಾಲಿದರೆ ಮೇಲ್ಸೆಳವಿನ ಅಂಚು ಮುಳುಗಿ ನೀರು ಒಳನುಗ್ಗುತ್ತದೆ.

ಎರಡನ್ನೂ ಕೂಡಿಸಿದರೆ

ಬೇಸಿಗೆಯಲ್ಲಿ ಉತ್ತಮ ಫಲ ಕೊಡುವುದು ಮೂರನೆಯ ರೀತಿ: ಕಯಾಕನ್ನು ಸವಾರಿಗೆ ಮಾತ್ರ ಬಳಸಿ, ಗಾಳವನ್ನು ನೆಲದ ಮೇಲೆ ನಿಂತು ಹಾಕುವುದು. ರ‍್ಯಾಂಪಿನಿಂದ ಮೈಲಿ ದೂರದ ಬಂಡೆಸಾಲಿಗೆ ತೇಲಿಹೋಗಿ, ಅದಕ್ಕೆ ಐವತ್ತು ಗಜ ಮೇಲೆಯೇ ಇಳಿದು, ಕಯಾಕನ್ನು ದಡದ ಕಲ್ಲಿನ ಮೇಲೆ ಪೂರ್ತಿ ಎಳೆದಿಟ್ಟು, ದಡ ಬಳಸಿ ಕೆಳಗೆ ಹೋಗಿ, ಅಲ್ಲಿಂದ ಮೇಲ್ಮುಖವಾಗಿ ಎಸೆಯುತ್ತ ಬರುವುದು. ಇಳಿಯುವಾಗ ನೀವು ಮೇಲ್ಸೆಳವಿನ ಕಡೆ, ಕಯಾಕ್ ನಿಮ್ಮ ಕೆಳಗೆ ಇರಲಿ. ಉಲ್ಟಾ ಆದರೆ ನೀರು ತುಂಬಿದ ಕಯಾಕ್ ನಿಮ್ಮನ್ನು ಬಂಡೆಗೆ ಒತ್ತಿಹಿಡಿಯುತ್ತದೆ. ಕಯಾಕಿನ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆಯುವವರನ್ನು ನೋಡುತ್ತೀರಿ. ಅನುಸರಿಸಬೇಡಿ.

ಈ ರೀತಿಗೆ ಆರು ಮೈಲಿಯೂ ಹೆಚ್ಚಾಯಿತು, ನಾಲ್ಕು ಸಾಕು.

ಹೊಳೆಗಳನ್ನು ಹೋಲಿಸಿದರೆ

*ಪೊಟೊಮ್ಯಾಕ್.* ಲೌಡನ್, ಮಾಂಟ್‌ಗೊಮೆರಿ ಕೌಂಟಿಯವರಿಗೆ ಹತ್ತಿರದ್ದು. ಮೇರಿಲೆಂಡ್ ದಡದುದ್ದಕ್ಕೂ ಜಾರ್ಜ್‌ಟೌನಿನಿಂದ ಕಂಬರ್ಲೆಂಡಿನವರೆಗೆ 184.5 ಮೈಲಿ ಸಿ ಅಂಡ್ ಓ ಎಂಬ ಹಳೆಯ ದೋಣಿಕಾಲುವೆಯ ಪಕ್ಕದ ಕಾಲುದಾರಿ ಇದೆ, ಮೈಲಿಗಲ್ಲುಗಳ ಸಮೇತ. ನಡೆಯುವವರಿಗೆ ಇಷ್ಟು ತೆರೆದ ದಡ ಬೇರೆಲ್ಲೂ ಇಲ್ಲ. ಕಯಾಕಿನವರಿಗೆ ಸೈಕಲ್ಲಿನಲ್ಲಿ ವಾಪಸಾಗಲು ಇದಕ್ಕಿಂತ ಒಳ್ಳೆಯ ರಸ್ತೆಯೂ ಇಲ್ಲ. ಆರಂಭಕ್ಕೆ ಬ್ರನ್ಸ್‌ವಿಕ್‌ನಿಂದ ಪಾಯಿಂಟ್ ಆಫ್ ರಾಕ್ಸ್, ಸುಮಾರು ಆರು ಮೈಲಿ, ನಡುವೆ ಲ್ಯಾಂಡರ್ ರ‍್ಯಾಂಪು. ನೀರಿಳಿದಾಗ ಲ್ಯಾಂಡರ್ ಸುತ್ತ ನಡೆಯಲೂಬಹುದು. ಇನ್ನೂ ಕೆಳಗೆ ವೈಟ್ಸ್ ಫೆರಿ, ಎಡ್ವರ್ಡ್ಸ್ ಫೆರಿ ಕಡೆ ಹೊಳೆ ನಿಧಾನವಾಗಿ ಆಳವಾಗುತ್ತದೆ, ಅಲ್ಲಿ ಕಾಲಿಗೆ ಕೆಲಸವಿಲ್ಲ. ವಯೊಲೆಟ್ಸ್ ಲಾಕ್ ಕೆಳಗಿನ ಸೆನೆಕಾ ಬ್ರೇಕ್ಸ್‌ನಲ್ಲಿ ಮತ್ತೆ ಬಂಡೆಸಾಲುಗಳು, ಬೇಸಿಗೆಯ ಸಂಜೆಗಳಿಗೆ ಹೇಳಿಮಾಡಿಸಿದ ಜಾಗ.

ಗಡಿಗಳನ್ನು ಗಟ್ಟಿ ನೆನಪಿಡಿ. ಹಾರ್ಪರ್ಸ್ ಫೆರಿಯ ಬಳಿ ಆರು ದರ್ಜೆಗಳ ಅಳತೆಯಲ್ಲಿ ಎರಡು, ಮೂರನೇ ದರ್ಜೆಯ ರಭಸಗಳಿವೆ, ಗಾಳದ ಸಾಮಾನು ಹೇರಿದ ಕಯಾಕಿಗೆ ಅಲ್ಲ. ಕೆಳಗಡೆ ಗ್ರೇಟ್ ಫಾಲ್ಸ್, ಅದರ ಕೆಳಗೆ ಲಿಟಲ್ ಫಾಲ್ಸ್ ಬಳಿಯ ಬ್ರೂಕ್‌ಮಾಂಟ್ ಅಡ್ಡಗಟ್ಟು. ಮೇಲಿನಿಂದ ನೋಡಿದರೆ ಆ ಗಿಡ್ಡ ಕಟ್ಟೆಯಲ್ಲಿ ಹೆದರುವಂಥದ್ದೇನೂ ಕಾಣುವುದಿಲ್ಲ. ಕೆಳಬದಿಯ ಸುಳಿ ಮಾತ್ರ ಒಳಬಿದ್ದದ್ದನ್ನು ಹೊರಬಿಡುವುದಿಲ್ಲ, ಲೈಫ್ ಜಾಕೆಟ್ ತೊಟ್ಟವರನ್ನೂ. ಗ್ರೇಟ್ ಫಾಲ್ಸ್ ಪಾರ್ಕಿನಲ್ಲಿ ನೀರಿಗೆ ಕಾಲಿಡುವುದೇ ಕಾನೂನುಬಾಹಿರ.

ಮೇರಿಲೆಂಡ್, ವರ್ಜೀನಿಯಾ ಎರಡರಲ್ಲಿ ಯಾವುದರ ಲೈಸೆನ್ಸ್ ಇದ್ದರೂ ಉಬ್ಬರವಿಳಿತವಿಲ್ಲದ ಮುಖ್ಯ ಹೊಳೆಯಲ್ಲಿ ನಡೆಯುತ್ತದೆ. ಉಪನದಿಗೆ ಈ ರಿಯಾಯಿತಿ ಇಲ್ಲ. ವರ್ಜೀನಿಯಾ ಲೈಸೆನ್ಸಿನವರು ಮೊನೊಕಸಿಯೊಳಗೆ ನುಗ್ಗಿದರೆ ದಂಡ.

*ಶೆನಂಡೋವಾ ದಕ್ಷಿಣ ಕವಲು.* ಆಶ್‌ಬರ್ನಿನಿಂದ ಒಂದು ಗಂಟೆಯ ಮೇಲೆ ಸ್ವಲ್ಪ. ಮೊದಲ ಸಲ ಕಯಾಕ್ ಹತ್ತುವವರಿಗೂ, ಮಕ್ಕಳೊಂದಿಗೆ ನೀರಿಗಿಳಿಯುವವರಿಗೂ ಇದನ್ನೇ ಹೇಳಬೇಕು. ಹೊಳೆ ಕಿರಿದು, ಬಂಡೆಸಾಲುಗಳು ಗಿಡ್ಡ, ದಡ ಯಾವಾಗಲೂ ಹತ್ತಿರ. ಬೆಂಟನ್‌ವಿಲ್‌ನ ತಗ್ಗುಸೇತುವೆಯ ಮೇಲೆಯೂ ಕೆಳಗೂ ಒಳ್ಳೆಯ ನೀರಿದೆ. ಅಲ್ಲೇ ಇರುವ ಶೆನಂಡೋವಾ ರಿವರ್ ಸ್ಟೇಟ್ ಪಾರ್ಕಿಗೆ ಐದು ಮೈಲಿಗೂ ಮಿಕ್ಕಿ ಹೊಳೆದಂಡೆ ಇದೆ. ಒಂದೇ ಜಾಗದಲ್ಲಿ ಕಾರು ನಿಲ್ಲಿಸಿ ಇಡೀ ದಿನ ನಡೆಯಬಹುದು. ಮಡದಿ ಮಕ್ಕಳು ಅಲ್ಲೇ ಮರದ ನೆರಳಲ್ಲಿ ಪುಳಿಯೋಗರೆ ಬಿಚ್ಚಬಹುದು, ಶೌಚಾಲಯವೂ ಇದೆ. ಕುಟುಂಬದೊಂದಿಗೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ. ಫ್ರಂಟ್ ರಾಯಲ್ ಕೇಂದ್ರದಲ್ಲಿ ಹರಿವು 500 ಕ್ಯೂಸೆಕ್ ಸುತ್ತ ಇಳಿದರೆ ಬಂಡೆಸಾಲು ಬಂದಾಗಲೆಲ್ಲ ಕಯಾಕ್ ಎಳೆಯಬೇಕು. ಆಗ ಅದನ್ನು ಮನೆಯಲ್ಲೇ ಬಿಟ್ಟು ಬರಿಗಾಲಲ್ಲ, ಬೂಟುಗಾಲಲ್ಲಿ ಹೋಗಿ. ಶೆನಂಡೋವಾ, ನ್ಯೂಪೋರ್ಟ್, ಲೂರೇ ಹೆಸರಿನ ಮೂರು ಅಣೆಕಟ್ಟುಗಳು ಮೇಲಿನ ಭಾಗದಲ್ಲಿವೆ. ತುಂಡು ಆರಿಸುವಾಗ ಅವು ನಡುವೆ ಬಾರದಂತೆ ನೋಡಿಕೊಳ್ಳಿ. ಗಾಳಿ ತುಂಬಿದ ಟ್ಯೂಬುಗಳ ಮೇಲೆ ತೇಲುವವರ ಜಾತ್ರೆ ಶನಿವಾರ ಹನ್ನೊಂದರ ಮೇಲೆ ಶುರು. ಆರು ಗಂಟೆಗೇ ನೀರಿನಲ್ಲಿರಿ.

ಸಾರು ಮಾಡುವ ಆಸೆಯಿದ್ದವರು ಈ ಹೊಳೆ ಬಿಡಬೇಕು. ವೇನ್ಸ್‌ಬರೋದ ಕಾರ್ಖಾನೆಯಿಂದ 1929–1950ರ ನಡುವೆ ಸೋರಿದ ಪಾದರಸ ಇಂದಿಗೂ ಇಲ್ಲಿನ ಮೀನಿನ ಮೈಯಲ್ಲಿದೆ, ಅದನ್ನು ತಿನ್ನುವ ಬಗ್ಗೆ ಸರ್ಕಾರಿ ಎಚ್ಚರಿಕೆ ಜಾರಿಯಲ್ಲಿದೆ.

*ಸಸ್ಕ್ವೆಹಾನಾ.* ಹ್ಯಾರಿಸ್‌ಬರ್ಗ್ ಎರಡು ಗಂಟೆಯ ದಾರಿ. ದೊಡ್ಡ ಮೀನು ಬೇಕೆನ್ನುವವರ ಹೊಳೆ. ಇಲ್ಲಿ ಅದರ ಅಗಲ ಸುಮಾರು ಒಂದು ಮೈಲಿ, ಬೇಸಿಗೆಯಲ್ಲಿ ಬಹುಭಾಗ ಸೊಂಟದುದ್ದವೂ ಇಲ್ಲ. ಬಂಡೆಸಾಲು, ಹುಲ್ಲಿನ ಪೊದೆ, ನಡುಗಡ್ಡೆ ಎಲ್ಲೆಲ್ಲೂ ಒಂದೇ ಥರ ಕಾಣುವುದೇ ಇದರ ಕಷ್ಟ. ಹೊಸಬರು ದಡದಿಂದ ಇನ್ನೂರು ಗಜದ ಒಂದು ಪಟ್ಟಿ ಆರಿಸಿಕೊಂಡು ಅದನ್ನಷ್ಟೇ ಓದಲಿ. 1902ರ ರಾಕ್‌ವಿಲ್ ರೈಲು ಸೇತುವೆಯ 48 ಕಮಾನುಗಳ ಕಂಬಗಳ ಹಿಂದೆ, ತೊರೆಗಳು ಸೇರುವ ಬಾಯಿಯಲ್ಲಿ, ಫೋರ್ಟ್ ಹಂಟರ್ ಸುತ್ತ ಆರಂಭಿಸಬಹುದು. ಕಾಲಿನವರಿಗೆ ತೊಂದರೆ ಜೆಟ್ ದೋಣಿಗಳು, ಆರು ಅಂಗುಲ ನೀರಿನಲ್ಲೂ ವೇಗವಾಗಿ ಬರುತ್ತವೆ. ಕಡುಬಣ್ಣದ ಅಂಗಿ ಬೇಡ. ಕಯಾಕಿನವರಿಗೆ ತೊಂದರೆ ಗಾಳಿ. ಕೆಳಹರಿವಿನ ಕಡೆಯಿಂದ ಗಂಟೆಗೆ 12 ಮೈಲಿ ವೇಗದ ಗಾಳಿ ಬೀಸಿದರೆ ಸೆಳವಿನ ಜೊತೆಯೂ ಹುಟ್ಟು ಹಾಕಬೇಕಾಗುತ್ತದೆ. ಹ್ಯಾರಿಸ್‌ಬರ್ಗ್ ನಗರದಲ್ಲೇ ಇರುವ ಡಾಕ್ ಸ್ಟ್ರೀಟ್ ಗಿಡ್ಡ ಅಣೆಕಟ್ಟು ಅನೇಕರನ್ನು ಕೊಂದಿದೆ, ಅದಕ್ಕಿಂತ ಬಹಳ ಮೇಲೆಯೇ ದಡ ಸೇರಿ.

2005ರಲ್ಲಿ ಮರಿಮೀನುಗಳಿಗೆ ರೋಗ ತಗುಲಿದ ಮೇಲೆ ಇಲ್ಲಿಯ ಮಧ್ಯಭಾಗಕ್ಕೂ ಜುನಿಯಾಟಾದ ಕೆಳಭಾಗಕ್ಕೂ ಬಿಗಿ ನಿಯಮಗಳು ಬಂದವು. ಹಿಡಿದ ಬಾಸನ್ನು ನೀರಿಗೇ ಬಿಡುವ ತುಂಡುಗಳಿವೆ. ನೀವು ಹೋಗುವ ವರ್ಷದ ಪೆನ್ಸಿಲ್ವೇನಿಯಾ ಫಿಷ್ ಅಂಡ್ ಬೋಟ್ ಕಮಿಷನ್ ಪುಸ್ತಿಕೆ ನೋಡಿ. ಅವರ ರ‍್ಯಾಂಪು ಬಳಸಲು ಹುಟ್ಟಿನ ಕಯಾಕಿಗೂ ಪರವಾನಗಿ ಚೀಟಿ ಬೇಕು.

*ಜುನಿಯಾಟಾ.* ಡಂಕನನ್ ಬಳಿ ಸಸ್ಕ್ವೆಹಾನಾ ಸೇರುವ ಈ ಹೊಳೆಗೆ ಹೆಸರು ಕಡಿಮೆ, ಜನವೂ ಕಡಿಮೆ. ಹೆದ್ದಾರಿ ಪಕ್ಕದಲ್ಲೇ ಇದೆ. ಮಿಫ್ಲಿನ್‌ಟೌನ್, ಥಾಂಪ್ಸನ್‌ಟೌನ್, ಮಿಲ್ಲರ್ಸ್‌ಟೌನ್, ನ್ಯೂಪೋರ್ಟ್ ಹೀಗೆ ಇಳಿದಾಣಗಳು ಸಾಲಾಗಿವೆ. ಕೂಡುರೀತಿಗೆ ಇದರಷ್ಟು ಹೊಂದುವ ಹೊಳೆ ಈ ನಾಲ್ಕರಲ್ಲಿ ಇನ್ನೊಂದಿಲ್ಲ: ಶೆನಂಡೋವಾಗಿಂತ ಅಗಲ, ಸಸ್ಕ್ವೆಹಾನಾದಂತೆ ದಿಕ್ಕು ತಪ್ಪಿಸುವುದಿಲ್ಲ.

ಒಂದು ರಾತ್ರಿ ಉಳಿಯಲು ಸಿದ್ಧರಿರುವವರಿಗೆ ಜೇಮ್ಸ್ ನದಿಯ ಹೊವರ್ಡ್ಸ್‌ವಿಲ್–ಸ್ಕಾಟ್ಸ್‌ವಿಲ್ ಭಾಗ, ಸುಮಾರು ಹತ್ತು ಮೈಲಿ, ಕಯಾಕಿಗೆ. ಸ್ನೋಡನ್‌ನಿಂದ ಲಿಂಚ್‌ಬರ್ಗ್‌ವರೆಗೆ ಸಾಲು ಅಣೆಕಟ್ಟುಗಳಿರುವುದರಿಂದ ಆ ಭಾಗ ಬಿಡಿ. ವರ್ಜೀನಿಯಾದ ದಾಖಲೆಯ ಸ್ಮಾಲ್‌ಮೌತ್, 8 ಪೌಂಡ್ 1 ಔನ್ಸ್, 2003ರಲ್ಲಿ ಸಿಕ್ಕಿದ್ದು ನ್ಯೂ ನದಿಯಲ್ಲಿ. ಆದರೆ ಕ್ಲೇಟರ್ ಅಣೆಕಟ್ಟಿನ ಕೆಳಗೆ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಳೆಯಿಲ್ಲದೆಯೂ ಹೊಳೆ ಏರುತ್ತದೆ. ಅಲ್ಲಿ ನಡೆಯುವವರು ನೀರಿನಂಚಿಗೊಂದು ಕಲ್ಲಿಟ್ಟು ಹದಿನೈದು ನಿಮಿಷಕ್ಕೊಮ್ಮೆ ಅದನ್ನು ನೋಡುತ್ತಿರಬೇಕು.

ಜೊತೆಗೆ ಒಯ್ಯುವುದು

ಎರಡೂ ರೀತಿಗೆ ಒಂದೇ ಗಾಳದ ಕೋಲು ಸಾಕು: ಆರೂವರೆಯಿಂದ ಏಳು ಅಡಿ, ಮಧ್ಯಮ ಬಲದ್ದು, 2500 ಅಳತೆಯ ಸ್ಪಿನಿಂಗ್ ರೀಲು, ಹತ್ತು ಪೌಂಡ್ ಎಳೆತ ತಡೆಯುವ ಹೆಣೆದ ದಾರ, ತುದಿಗೆ ಎಂಟು ಪೌಂಡಿನ ಫ್ಲೂರೊಕಾರ್ಬನ್ ದಾರ. ಟ್ಯೂಬ್ ಎಂಬ ಮೂರಂಗುಲದ ಮೆತ್ತನೆಯ ಹುಸಿ ಎರೆಯನ್ನು, ಎಂಟನೇ ಒಂದು ಔನ್ಸ್ ತೂಕದ ತಲೆಯಿರುವ ಕೊಕ್ಕೆಗೆ ಹಾಕಿ. ಕಲ್ಲಿಗೆ ಪದೇ ಪದೇ ಸಿಕ್ಕಿಕೊಂಡರೆ ತೂಕ ಇಳಿಸಿ, ತಳ ಮುಟ್ಟದೆ ತೇಲಿಹೋದರೆ ಏರಿಸಿ. ನಸುಕಿಗೆ ನೀರ ಮೇಲೆ ಸದ್ದು ಮಾಡುವ ಪಾಪರ್ ಎಂಬ ಹುಸಿ ಎರೆ. ನಡೆಯುವವರು ಎರಡು ಡಬ್ಬಿಗಿಂತ ಹೆಚ್ಚು ಹೊರಬೇಡಿ. ಕಯಾಕಿನವರು ಪ್ರತಿಯೊಂದನ್ನೂ ಕಟ್ಟಿ, ಏಕೆಂದರೆ ಮಗುಚಿದಾಗ ಕಟ್ಟದ್ದೆಲ್ಲ ಹೊಳೆಗೆ ಸೇರಿತು.

ನೀರು 80 ಡಿಗ್ರಿ ದಾಟಿದ ಮಧ್ಯಾಹ್ನ ಹಿಡಿದ ಮೀನು ಬಿಟ್ಟ ಮೇಲೂ ಸಾಯಬಹುದು. ಉಷ್ಣಮಾಪಕವೊಂದನ್ನು ದಾರಕ್ಕೆ ಕಟ್ಟಿ ಒಯ್ಯಿರಿ. ಆ ಅಂಕಿ ಕಂಡರೆ ಹನ್ನೊಂದಕ್ಕೇ ಮುಗಿಸಿ. ಗುಡುಗಿದರೆ ನೀರಿನಿಂದ ಹೊರಬಂದು, ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ ಕಾಯಿರಿ. ಎಲ್ಲಿ ಇಳಿಯುತ್ತೀರಿ, ಎಲ್ಲಿ ಏರುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೋಗಿ. ಬೆಂಟನ್‌ವಿಲ್ ಸುತ್ತ ಬೆಟ್ಟಗಳ ನಡುವೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.